ಹೂವಾದ ದಿನದ ಅಮ್ಮಾವ್ರು

ಅಮ್ಮಾವ್ರು ತೀರಿಹೋದ ಸುದ್ದಿ ನನ್ನ ಕಿವಿಗೆ ಪಿಸುಮಾತಿನಲ್ಲಿ ಬಿತ್ತು. ಆನೇಮಹಲಿನಲ್ಲಿ ಬಸ್ಸು ಇಳಿದು, ಹೆದ್ದಾರಿ ಪಕ್ಕದ ಟೀ ಅಂಗಡಿಗೆ ಹೋಗಿದ್ದೆ. ಲಾರಿಗಳು ಒಂದರ ಹಿಂದೊಂದು ಭರ್ರೆಂದು ಹೋಗುತ್ತಿದ್ದವು. ಅಂಗಡಿಯವನು ಗಲ್ಲಾದ ಮೇಲೆ ಬಗ್ಗಿ ಏನೋ ಗುಸುಗುಸು ಅಂದ. ಒಂದಕ್ಷರ ಕೇಳಲಿಲ್ಲ.

“ಅದೇನು ಬಾಯೊಳಗೇ ಗೊಣಗ್ತೀಯ ಮಾರಾಯ, ಜೋರಾಗಿ ಹೇಳಬಾರದಾ?” ಎಂದೆ.

“ಅಮ್ಮಾವ್ರ ವಿಷ್ಯ ಅಲ್ವೇನಕ್ಕ, ಜೋರಾಗಿ ಹೆಂಗೆ ಹೇಳದು?” ಎಂದ.

ಅಷ್ಟು ಸಾಕಾಯಿತು, ಅರ್ಥವಾಯಿತು. ಅಲ್ಲೇ ಬೆಂಚಿನ ಮೇಲೆ ಕೂತೆ. ಅಳು ಬಂತು, ಅತ್ತೆ. ಅವನು ಟೀ ತಂದಿಟ್ಟು, ರೇಡಿಯೋ ಆರಿಸಿ, ಪಕ್ಕದಲ್ಲಿ ನಿಂತ. ಅವರ ತೋಟದಲ್ಲಿ ಒಂದು ಕಾಲಕ್ಕೆ ಕಾಫಿ ಕುಯ್ದವನು ಅವನೂ. ಆ ತೋಟದ ನೀರು ಕುಡಿದವರಿಗೆಲ್ಲ ಅವರ ಹೆಸರೆತ್ತಿದರೆ ದನಿ ತಾನಾಗಿ ಇಳಿಯುತ್ತದೆ. ಹೆಸರು ಅಂದೆನಲ್ಲ, ನಿಜ ಹೇಳಬೇಕೆಂದರೆ ಅವರ ಹೆಸರನ್ನು ನಾನು ಬಾಯಲ್ಲಿ ಆಡಿದವಳೇ ಅಲ್ಲ. ಎಲ್ಲರಿಗೂ ಅಮ್ಮಾವ್ರು, ನನಗೂ ಅಮ್ಮಾವ್ರು. ಇಲ್ಲೂ ಹಾಗೆಯೇ ಇರಲಿ.

ನಮ್ಮಪ್ಪ ಅವರ ತೋಟದಲ್ಲಿ ರೈಟರ್. ಆಳುಗಳ ಹಾಜರಿ ಬರೆಯುವುದು, ಕೆಲಸ ಹಂಚುವುದು, ಅಮ್ಮಾವ್ರ ಬೈಗುಳವನ್ನು ಎಲ್ಲರ ಪರವಾಗಿ ತಾವೊಬ್ಬರೇ ತಿನ್ನುವುದು ಅವರ ಕೆಲಸ. ಕಾಫಿ ತುಂಬಿಡುವ ಸ್ಟೋರಿನ ಹಿಂದೆ ನಮ್ಮ ಮನೆ, ಎದುರಿಗೆ ಕಾಫಿ ಒಣಗಿಸುವ ಕಣ, ಅದರಾಚೆ ಬಂಗಲೆ. ಗಂಡ ಹೋದಮೇಲೆ ಅಮ್ಮಾವ್ರು ಒಬ್ಬರೇ ತೋಟ ನೋಡಿಕೊಂಡವರು. ಮಕ್ಕಳಿರಲಿಲ್ಲ. “ಗಿಡ ಇಷ್ಟು ಅವೆ, ಇನ್ನು ಮಕ್ಕಳು ಬೇರೆ ಯಾಕೆ?” ಎಂದು ನಗುತ್ತಿದ್ದರು. ಆ ನಗುವಿನ ಹಿಂದೆ ಏನಿತ್ತೋ, ಕೇಳುವ ಧೈರ್ಯ ಯಾರಿಗೂ ಇರಲಿಲ್ಲ.

ನಮ್ಮ ಕಡೆ ಬೇಸಿಗೆಯಲ್ಲಿ ಒಂದು ಮಳೆ ಬರುತ್ತದೆ. ಅದನ್ನು ಹೂಮಳೆ ಅಂತೀವಿ. ಅದು ಬಿದ್ದು ಎಂಟೊಂಬತ್ತು ದಿನಕ್ಕೆ ಕಾಫಿ ಗಿಡಗಳೆಲ್ಲ ಒಟ್ಟಿಗೇ ಬೆಳ್ಳಗೆ ಹೂ ಬಿಡುತ್ತವೆ. ಹಿಂದಿನ ದಿನ ಹಸಿರಾಗಿದ್ದ ಗುಡ್ಡ ಬೆಳಗ್ಗೆ ಎದ್ದು ನೋಡಿದರೆ ಬಿಳಿ. ಆ ವಾಸನೆಗೆ ತಲೆ ಹಗುರಾಗಿ, ನಡೆಯುತ್ತಿದ್ದೇವೋ ತೇಲುತ್ತಿದ್ದೇವೋ ತಿಳಿಯುವುದಿಲ್ಲ. ಹೂವಾದ ದಿನ ತೋಟಕ್ಕೆ ಯಾರೂ ಇಳಿಯಬಾರದು, ಹೂ ಅಲುಗಬಾರದು, ಜೇನಿಗೆ ಅಡ್ಡ ಬರಬಾರದು ಎನ್ನುವುದು ಎಲ್ಲ ತೋಟದಲ್ಲೂ ಇರುವ ಪದ್ಧತಿ. ಅಮ್ಮಾವ್ರ ತೋಟದಲ್ಲಿ ಮಾತ್ರ ಅದು ಮಾತಿಗೂ ಹಬ್ಬಿತ್ತು. ಜೀಪು ಗೇಟಿನ ಹೊರಗೇ ನಿಲ್ಲಬೇಕು. ನಾಯಿಗಳಿಗೆ ಬೆಳಗ್ಗೆಯೇ ಹೊಟ್ಟೆ ಬಿರಿಯುವಷ್ಟು ಅನ್ನ ಹಾಕಿ ಮಲಗಿಸಬೇಕು. ರೇಡಿಯೋ ಇಲ್ಲ, ಜಗಳ ಇಲ್ಲ. ಆಳುಗಳ ಲೈನ್‌ಮನೆಗಳಲ್ಲಿ ಗಂಡ ಹೆಂಡತಿ ಜಗಳವಾಡಬೇಕಿದ್ದರೆ ಹೂ ಉದುರುವ ತನಕ ಕಾಯಬೇಕು. ನಮ್ಮಮ್ಮ ಒಂದು ವರ್ಷ ಮರೆತು ಕುಕ್ಕರ್ ಇಟ್ಟಳು. ಮೊದಲ ಕೂಗಿಗೇ ಅಮ್ಮಾವ್ರು ಬಂಗಲೆಯಿಂದ ಬರಿಗಾಲಲ್ಲಿ ಬಂದುಬಿಟ್ಟರು. ಬೈಯಲಿಲ್ಲ. ತೋರುಬೆರಳನ್ನು ತುಟಿಯ ಮೇಲಿಟ್ಟು, ಕಣ್ಣಲ್ಲಿ ನಗುತ್ತಾ, “ಮೆತ್ತಗೆ ಕಣೇ, ಮೆತ್ತಗೆ” ಎಂದು ಹೇಳಿ ಹೋದರು. ಅಮ್ಮ ಆ ದಿನ ಅನ್ನವನ್ನು ಪಾತ್ರೆಯಲ್ಲಿ ಬಸಿದಳು.

ಸುತ್ತಮುತ್ತಲ ತೋಟದವರು ಇದನ್ನು ಆಡಿಕೊಂಡು ನಗುತ್ತಿದ್ದರು. “ಜೇನಿಗೆ ಕಿವಿ ಐತಾ ಅಮ್ಮಾವ್ರೆ?” ಎಂದು ಯಾರೋ ಕೇಳಿದ್ದಕ್ಕೆ, “ಜೇನಿಗೆ ಇಲ್ದಿದ್ರೆ ಬೇಡ, ನಂಗೈತಲ್ಲ” ಎಂದಿದ್ದರಂತೆ.

ಅದಕ್ಕೊಂದು ಕಥೆಯಿತ್ತು. ಮದುವೆಯಾಗಿ ಅವರು ಈ ಮನೆ ತುಂಬಿದ್ದು ಹೂವಾದ ದಿನ. ಮದುವೆ ಮನೆಯಿಂದ ಬಂದ ಓಲಗದವರನ್ನು ಅತ್ತೆ ಗೇಟಿನಲ್ಲೇ ನಿಲ್ಲಿಸಿ, ಊಟ ಹಾಕಿಸಿ, ವಾಪಸ್ ಕಳಿಸಿದರಂತೆ. ಮದುಮಗಳ ಕಾಲ್ಗೆಜ್ಜೆಯನ್ನೂ ಬಿಚ್ಚಿಸಿದರಂತೆ. ಹತ್ತೊಂಬತ್ತು ವರ್ಷದ ಹುಡುಗಿ, ಎರಡೂ ಕಡೆ ಬೆಳ್ಳನೆಯ ಗಿಡಗಳ ನಡುವೆ, ಸದ್ದಿಲ್ಲದೆ ನಡೆದುಕೊಂಡು ಬಂದಳು. “ಓಲಗ ಇಲ್ದೆ ಮನೆ ತುಂಬಿದ ಸೊಸೆ ಈ ತಾಲ್ಲೂಕಿಗೇ ನಾನೊಬ್ಳು. ಮೊದ್ಲು ಸಿಟ್ಟು ಬಂತು ಕಣೇ. ಆಮೇಲೆ ಜೇನಿನ ಸದ್ದು ಕೇಳಿಸ್ತು. ಇಡೀ ಗುಡ್ಡ ಗುಂಯ್ ಅಂತಿತ್ತು. ಇದೇ ನನ್ನ ಓಲಗ ಅಂದ್ಕೊಂಡೆ” ಎನ್ನುತ್ತಿದ್ದರು. ಪ್ರತಿ ವರ್ಷ ಹೂವಾದ ದಿನ ಬೆಳಕು ಹರಿಯುವ ಮುಂಚೆ ಎದ್ದು, ಜಗಲಿಯಲ್ಲಿ ಕುರ್ಚಿ ಹಾಕಿಸಿಕೊಂಡು, ಕತ್ತಲಾಗುವ ತನಕ ಅಲ್ಲೇ ಇರುತ್ತಿದ್ದರು. ಅರ್ಧ ಹೊತ್ತು ಎಚ್ಚರ, ಅರ್ಧ ಹೊತ್ತು ತೂಕಡಿಕೆ. ನಾವು ಮಕ್ಕಳು ಪಕ್ಕದಲ್ಲಿ ಹೋಗಿ ಕೂತರೆ ಕಣ್ಣು ತೆರೆಯದೆಯೇ ಕೈ ಚಾಚಿ ತಲೆ ಮುಟ್ಟುತ್ತಿದ್ದರು.

ಹೂಮಳೆ ಬರುವ ಕಾಲಕ್ಕೆ ಅವರು ಒಂದು ರಾತ್ರಿಯೂ ಬೇರೆ ಕಡೆ ತಂಗಿದವರಲ್ಲ. ಸಕಲೇಶಪುರಕ್ಕೆ ಹೋದರೂ ಸಂಜೆಯ ಒಳಗೆ ವಾಪಸ್. ಸ್ವಂತ ತಂಗಿಯ ಮದುವೆಯನ್ನು ಮಳೆ ಮುಗಿಯಲಿ ಎಂದು ಮುಂದಕ್ಕೆ ಹಾಕಿಸಿದರು ಎಂದು ಬಂಗಲೆಯ ಅಡುಗೆಯವಳು ಹೇಳುತ್ತಿದ್ದಳು. ಇಂಥವರು ನನ್ನ ಸಲುವಾಗಿ ಸಮುದ್ರ ದಾಟಿದರು. ಅದನ್ನು ಹೇಳಲಿಕ್ಕೇ ನಾನು ಇಷ್ಟು ಬರೆಯಲು ಕೂತಿರುವುದು.

ನಾನು ಸಕಲೇಶಪುರದಲ್ಲಿ ಡಿಗ್ರಿ ಓದುತ್ತಿದ್ದೆ. ಹೊಸ ಶತಮಾನ ಶುರುವಾಗಿ ಸ್ವಲ್ಪ ದಿನವಾಗಿತ್ತು. ಪರಿಸರದ ಕೆಲಸ ಮಾಡುವ ಬೆಂಗಳೂರಿನ ಒಂದು ಸಂಸ್ಥೆಯವರು ಕಾಲೇಜಿಗೆ ಬಂದು, ಹವಾಮಾನ ಬದಲಾಗುತ್ತಿರುವ ಬಗ್ಗೆ ನಮ್ಮ ಕೈಲಿ ಮಾತಾಡಿಸಿದರು. ನನಗೆ ಮೊದಲಿಂದಲೂ ಬಾಯಿ ಜೋರು. ಏನು ಮಾತಾಡಿದೆನೋ ನೆನಪಿಲ್ಲ, ಎರಡು ತಿಂಗಳ ನಂತರ ಯುರೋಪಿನ ಯಾವುದೋ ಚಳಿ ಊರಿನಲ್ಲಿ ನಡೆಯುವ ಯುವಜನರ ಹವಾಮಾನ ಸಮ್ಮೇಳನಕ್ಕೆ ನಾನು ಆಯ್ಕೆಯಾದೆ ಎಂದು ತಿಳಿಸಿದರು. ಲೋಕದ ಎಲ್ಲ ದೇಶಗಳ ಹುಡುಗ ಹುಡುಗಿಯರು ಬರುತ್ತಾರಂತೆ. ನಾನು ಐದು ನಿಮಿಷ ಭಾಷಣ ಮಾಡಬೇಕಂತೆ. ಹುಡುಗಿಯರ ಜೊತೆ ಮನೆಯ ಹಿರಿಯ ಹೆಂಗಸೊಬ್ಬರು ಬರಬಹುದು, ಅವರ ಖರ್ಚೂ ಸಂಸ್ಥೆಯದೇ.

ನಮ್ಮಮ್ಮ ಕೇಳಿದ ತಕ್ಷಣ ಬೇಡ ಎಂದಳು. “ನಾನು ಹಾಸನ ದಾಟಿಲ್ಲ, ಇವಳ ಜೊತೆ ಯಾವ ದೇಶಕ್ಕೆ ಹೋಗ್ಲಿ? ಒಬ್ಳನ್ನೇ ಕಳ್ಸದಂತೂ ಆಗಕಿಲ್ಲ.” ಅಪ್ಪ ಎದ್ದು ಹೋದರು. ನಾನು ಊಟ ಬಿಟ್ಟು ಮುಸುಕೆಳೆದು ಮಲಗಿದೆ. ನನಗೆ ಹೊರಗೆ ಹೋಗಲೇಬೇಕಿತ್ತು, ಆ ಆಸೆಯಲ್ಲಿ ಜ್ವರವೇ ಬಂದಂತಾಗಿತ್ತು.

ಮಾರನೆಯ ದಿನ ಅಮ್ಮಾವ್ರು ನಮ್ಮ ಬಾಗಿಲಿಗೆ ಬಂದರು. “ನಾನು ಹೋಗ್ತೀನಿ ಅವಳ ಜೊತೆ” ಎಂದರು.

ಅಪ್ಪ ಗಾಬರಿಯಾದರು. “ಅಮ್ಮಾವ್ರೆ, ಹೂವಿನ ಕಾಲ...”

“ಶಿವರಾತ್ರಿಗೆ ಮುಂಚೆ ವಾಪಸ್ ಬತ್ತೀವಿ ರೈಟ್ರೇ. ಶಿವರಾತ್ರಿ ಕಳೀದೆ ನಮ್ ಕಡೆ ಯಾವತ್ ಹೂಮಳೆ ಬಂದೈತೆ? ಬರಾದಾದ್ರೆ ಬರ್ಲಿ, ನನ್ ಕೇಳ್ದೆ ಬತ್ತಾನಾ ಅವ್ನು?” ಮಳೆಯನ್ನು ಅವರು ಯಾವಾಗಲೂ ‘ಅವನು’ ಎನ್ನುತ್ತಿದ್ದರು, ದೂರದಲ್ಲಿ ಕೆಲಸಕ್ಕಿರುವ ತಮ್ಮನ ಬಗ್ಗೆ ಮಾತಾಡಿದ ಹಾಗೆ.

ಆ ದಿನದಿಂದ ನನ್ನ ಭಾಷಣದ ತಾಲೀಮು ಶುರುವಾಯಿತು. ಅಮ್ಮಾವ್ರು ಹಾಸನದ ಕಾನ್ವೆಂಟಿನಲ್ಲಿ ಓದಿದವರು, ಇಂಗ್ಲಿಷ್ ಚೆನ್ನಾಗಿತ್ತು. ನನ್ನನ್ನು ಕಣದ ಒಂದು ತುದಿಯಲ್ಲಿ ನಿಲ್ಲಿಸಿ, ತಾವು ಇನ್ನೊಂದು ತುದಿಯಲ್ಲಿ ಕುರ್ಚಿ ಹಾಕಿಕೊಂಡು, “ಹೂಂ, ನಿನ್ ಗ್ರೀನ್‌ಹೌಸ್ ಗ್ಯಾಸು ಇಲ್ಲಿಗೆ ಮುಟ್ತಾ ಇಲ್ಲ, ಜೋರಾಗಿ” ಎನ್ನುತ್ತಿದ್ದರು. ವರ್ಷವಿಡೀ ನಮಗೆ ಮೆತ್ತಗೆ ಮೆತ್ತಗೆ ಎಂದವರು ಅವರೇ! ಕಾಫಿ ಹರಡುತ್ತಿದ್ದ ಹೆಂಗಸರು ಭಾಷಣ ಕೇಳಿ ಕೇಳಿ ಕಲಿತುಬಿಟ್ಟಿದ್ದರು. ನಾನು ತಡವರಿಸಿದರೆ “ಗ್ಲೋಬಲ್ಲು, ಗ್ಲೋಬಲ್ಲು” ಎಂದು ಎತ್ತಿ ಕೊಡುತ್ತಿದ್ದರು.

ವೀಸಾದ ಓಡಾಟಕ್ಕೆಂದು ವಾರ ಮುಂಚೆಯೇ ಬೆಂಗಳೂರಿಗೆ ಹೊರಟು, ಅಮ್ಮಾವ್ರ ತಂಗಿಯ ಮನೆಯಲ್ಲಿ ಇಳಿದುಕೊಂಡೆವು. ಪ್ರತಿ ಸಂಜೆ ದೀಪ ಹಚ್ಚುವ ಹೊತ್ತು ಕಳೆದ ಮೇಲೆ ಅವರು ತೋಟದ ಆಫೀಸಿಗೆ ಫೋನು ಮಾಡುತ್ತಿದ್ದರು. ಅಪ್ಪ ಆ ಹೊತ್ತಿಗೆ ಫೋನಿನ ಪಕ್ಕದಲ್ಲೇ ಕೂತಿರಬೇಕು.

“ರೈಟ್ರೇ, ಮೋಡ ಗೀಡ ಐತಾ?”

“ಇಲ್ಲ ಅಮ್ಮಾವ್ರೆ. ಆಕಾಶ ತೊಳೆದಿಟ್ಟಂಗೈತೆ.”

“ಸರಿ ಹಂಗಾದ್ರೆ.” ಫೋನಿಟ್ಟು ಹಾಯಾಗಿ ಮಲಗುತ್ತಿದ್ದರು. ದಿನಾ ಅದೇ ಪ್ರಶ್ನೆ, ದಿನಾ ಅದೇ ಉತ್ತರ.

ವಿಮಾನದಲ್ಲಿ ಕಿಟಕಿಯ ಸೀಟು ನನಗೆ ಕೊಟ್ಟವರು, ಅರ್ಧ ಗಂಟೆಯಾದ ಮೇಲೆ ತಡೆಯಲಾರದೆ ನನ್ನ ಮೇಲೆ ಬಗ್ಗಿ ತಾವೇ ನೋಡತೊಡಗಿದರು. ಕೆಳಗೆ ಮೋಡಗಳು. ಬಿಸಿಲೆ ಘಾಟಿಯ ಅಂಚಿನಲ್ಲಿ ನಿಂತರೆ ಬೆಳಗಿನ ಹೊತ್ತು ಮೋಡ ನಮ್ಮ ಕಾಲ ಕೆಳಗೇ ಇರುತ್ತದೆ. ಅದನ್ನು ನೋಡಿ ಬೆಳೆದವರಿಗೆ ಅದೇನು ದೊಡ್ಡ ಸೋಜಿಗವಲ್ಲ. ಆದರೂ ಅಮ್ಮಾವ್ರು ಗಾಜಿಗೆ ಹಣೆ ಒತ್ತಿ, “ಇಷ್ಟೊಂದು ಇಟ್ಕೊಂಡವ್ನೆ, ನಮಗೆ ಮಾತ್ರ ಚೌಕಾಶಿ ಮಾಡ್ತಾನೆ” ಎಂದು ಮಳೆಯನ್ನು ಬೈದು, ಹಾಗೆಯೇ ನಿದ್ದೆ ಹೋದರು. ಇಳಿದ ಮೇಲೆ ನನ್ನ ಗಡಿಯಾರವನ್ನು ಅಲ್ಲಿನ ಹೊತ್ತಿಗೆ ತಿರುಗಿಸಿದೆ. ಅವರು ತಿರುಗಿಸಲಿಲ್ಲ. “ಇದು ತೋಟದ ಗಡಿಯಾರ. ಇಲ್ಲಿ ಎಷ್ಟು ಗಂಟೆಯಾದ್ರೆ ನಂಗೇನು?” ಎಂದರು.

ಆ ಊರಿನ ಚಳಿಗೆ ಅವರು ಗಂಡನ ಹಳೆಯ ಉಣ್ಣೆ ಕೋಟನ್ನು ಸೀರೆಯ ಮೇಲೆ ಹಾಕಿಕೊಂಡು, ಕಾಲುಚೀಲ ಕ್ಯಾನ್ವಾಸ್ ಶೂ ತೊಟ್ಟು ಓಡಾಡಿದರು. ಸೂಟ್‌ಕೇಸಿನಲ್ಲಿ ಕಾಫಿಪುಡಿ, ಫಿಲ್ಟರು, ಎರಡು ಲೋಟ. ಸಮ್ಮೇಳನದ ಹುಡುಗ ಹುಡುಗಿಯರಿಗೆ ಮೊದಲ ದಿನವೇ ನಮ್ಮ ಕೋಣೆಯ ದಾರಿ ಗೊತ್ತಾಯಿತು. ಯಾವುದೋ ದ್ವೀಪದಿಂದ ಬಂದ ಒಂದು ಹುಡುಗಿ, ತನ್ನ ಅಜ್ಜಿಯ ಮನೆಯ ಅಂಗಳಕ್ಕೆ ಈಗ ಸಮುದ್ರವೇ ಬರುತ್ತದೆ ಎಂದು ಹೇಳುತ್ತಾ ಲೋಟ ಹಿಡಿದುಕೊಂಡು ಅತ್ತಳು. ಇಂಗ್ಲಿಷಿನಲ್ಲಿ ಅಷ್ಟು ಚೆನ್ನಾಗಿ ಮಾತಾಡಬಲ್ಲ ಅಮ್ಮಾವ್ರು ಅವಳಿಗೆ ಕನ್ನಡದಲ್ಲೇ, “ಕುಡಿ ಕಣಮ್ಮ, ಬಿಸಿಯಾಗಿರೋವಾಗ್ಲೇ ಕುಡಿ” ಎಂದರು. ಅವಳು ಕುಡಿದಳು.

ಎರಡನೆಯ ದಿನ ನನ್ನ ಭಾಷಣ. ಬೆಳಗಿನ ಜಾವ ಯಾರೋ ಭುಜ ಅಲುಗಾಡಿಸಿದಂತಾಗಿ ಎಚ್ಚರವಾಯಿತು. ಅಮ್ಮಾವ್ರು ಹಾಸಿಗೆಯ ಅಂಚಿನಲ್ಲಿ ಕೂತಿದ್ದರು. ಕಣ್ಣು ಕಿಟಕಿಯ ಕಡೆ, ಬೆರಳು ತುಟಿಯ ಮೇಲೆ. “ಹೂವಾಗೈತೆ ಕಣೇ” ಎಂದರು. “ಮೆತ್ತಗೆ ಏಳು. ಬಾಗಿಲು ಸದ್ದು ಮಾಡ್ಬೇಡ.”

ಹೊರಗೆ ರಾತ್ರಿಯಲ್ಲಿ ಹಿಮ ಬಿದ್ದಿತ್ತು. ಮನೆಯ ಮಾಡು, ಮರ, ಬೇಲಿ, ನಿಂತ ಕಾರುಗಳು, ಎಲ್ಲ ಬಿಳಿ. ಒಂದು ಸದ್ದಿಲ್ಲ. ಅವರು ನಿದ್ದೆಗಣ್ಣಿನಲ್ಲಿದ್ದರು ಎಂದು ನನಗೆ ಗೊತ್ತಿತ್ತು. ಆದರೂ ನಾನೂ ಒಂದು ಗಳಿಗೆ ಮೂಗರಳಿಸಿ ಹೂವಿನ ವಾಸನೆ ಹುಡುಕಿದೆ, ಸುಳ್ಳಲ್ಲ. ನಿಧಾನಕ್ಕೆ ಅವರಿಗೇ ಎಚ್ಚರವಾಗಿ ನಾಚಿಕೆಯಿಂದ ನಕ್ಕರು. ಆದರೆ ಸಭಾಂಗಣಕ್ಕೆ ಹೋಗುವಾಗ ಆ ಬಿಳಿಯ ಮೇಲೆ ಕಾಲಿಡಲು ಅವರಿಂದ ಆಗಲಿಲ್ಲ. ಗೋಡೆಯ ಬದಿಯಲ್ಲಿ, ಹಿಮ ಬೀಳದ ಒಂದು ಗೇಣು ಜಾಗದಲ್ಲಿ, ಸೀರೆ ಎತ್ತಿ ಹಿಡಿದು ಒಂದೊಂದೇ ಹೆಜ್ಜೆ ಇಟ್ಟರು. ನನ್ನನ್ನೂ ಹಾಗೆಯೇ ನಡೆಸಿದರು. ಉಳಿದವರೆಲ್ಲ ಹಿಮವನ್ನು ಉಂಡೆ ಕಟ್ಟಿ ಎರಚಾಡುತ್ತಿದ್ದರು.

ಅಂದು ಪೂರ್ತಿ ಅವರು ಚಡಪಡಿಸಿದರು. ಮಧ್ಯಾಹ್ನದ ಟೀ ವಿರಾಮದಲ್ಲಿ ಕೈಗಡಿಯಾರ ನೋಡಿಕೊಂಡು, “ನಡೀ, ಫೋನ್ ಮಾಡಣ” ಎಂದು ನನ್ನನ್ನು ಎಳೆದುಕೊಂಡು ಹೋದರು. ಫೋನಿನ ಗಾಜಿನ ಗೂಡಿನೊಳಗೆ ಇಬ್ಬರೂ ಒತ್ತಿಕೊಂಡು ನಿಂತೆವು. ರಿಸೀವರ್ ನಮ್ಮಿಬ್ಬರ ಕಿವಿಯ ನಡುವೆ.

“ರೈಟ್ರೇ, ಇವತ್ತು ನಿಜ ಹೇಳ್ಬೇಕು. ಹೂವಾಗೈತಾ?”

ಅಪ್ಪನ ದನಿ ಬಂತು, ಬಾವಿಯೊಳಗಿಂದ ಬಂದಂತೆ. “ಆಗೈತೆ ಅಮ್ಮಾವ್ರೆ. ಬೆಳಗ್ಗೆ ಎದ್ದು ನೋಡಿದ್ರೆ ಮೇಲಿನ ತೋಟ ಪೂರ್ತಿ ಬೆಳ್ಳಗಾಗೈತೆ.”

“ಹಂಗಾದ್ರೆ ನಾವು ಮನೆ ಬಿಟ್ಟ ದಿನಾನೇ ಮಳೆ ಬಿದ್ದೈತೆ.”

“ಹೂಂ ಅಮ್ಮಾವ್ರೆ. ನಿಮ್ ಕಾರು ಹಾಸನ ಮುಟ್ಟೋದ್ರೊಳಗೆ ಬಂದ್‌ಬುಡ್ತು. ಹೇಳಿದ್ರೆ ನೀವು ಬೆಂಗಳೂರಿಂದ್ಲೇ ವಾಪಸ್ ಬಂದ್‌ಬುಡ್ತಿದ್ರಿ. ಮಗು ಹೋಗದು ತಪ್ಪೋಗದು. ಅದಕ್ಕೇ ಹೇಳ್ಲಿಲ್ಲ. ತಪ್ಪಾಯ್ತು.” ಅಪ್ಪ ಅಳುತ್ತಿದ್ದರು. ನಮ್ಮಪ್ಪ ಅತ್ತಿದ್ದನ್ನು ನಾನು ಅದೇ ಮೊದಲು ಕೇಳಿದ್ದು.

ನನಗೆ ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು. ಅಮ್ಮಾವ್ರು ಗಾಜಿಗೆ ಒರಗಿದರು. “ಮದುವೆ ಆದಾಗಿಂದ ಒಂದು ವರ್ಷಾನೂ ತಪ್ಪಿಸ್ಕೊಂಡಿರ್ಲಿಲ್ಲ ರೈಟ್ರೇ” ಎಂದರು, ಅಷ್ಟೇ. ಕಣ್ಣಿಂದ ನೀರು ಇಳಿದು ಕೋಟಿನ ಕಾಲರಿಗೆ ಸೇರುತ್ತಿತ್ತು. ಅವರು ಒರೆಸಿಕೊಳ್ಳಲಿಲ್ಲ.

ಹಾಗೆಯೇ ರಿಸೀವರಿಗೆ ಬಾಗಿ ಕೇಳಿದರು. “ಜೇನು ಬಂದಾವಾ?”

“ಬಂದಾವೆ ಅಮ್ಮಾವ್ರೆ. ಬೇಕಾದಷ್ಟು.”

“ಫೋನು ಕಿಟಕಿ ಆಚೆ ಹಿಡೀರಿ. ನಾನು ಕೇಳ್ಬೇಕು.”

“ಈಗ್ಲಾ ಅಮ್ಮಾವ್ರೆ?”

“ಈಗ್ಲೇ.”

“ಒಂಚೂರು ತಡೀರಿ.” ಕುರ್ಚಿ ಸರಿದ ಸದ್ದು, ಕಿಟಕಿಯ ಚಿಲಕ ತೆಗೆದ ಸದ್ದು. ಆಮೇಲೆ ಬಂತು ನೋಡಿ, ಗುಂಯ್ ಎನ್ನುವ ಆ ದನಿ. ಮೊದಲು ಸಣ್ಣಗೆ, ಆಮೇಲೆ ತುಂಬಿಕೊಂಡು, ಏರುತ್ತಾ ಇಳಿಯುತ್ತಾ. ನಡುವೆ ಯಾರೋ ಕೆಮ್ಮಿದಂತಾಯಿತು, ಮತ್ತೆ ಗುಂಯ್. ಅಮ್ಮಾವ್ರು ಕಣ್ಣು ಮುಚ್ಚಿದ್ದರು. ಗಾಜಿನಾಚೆ ಹಿಮ ಬೀಳುತ್ತಿತ್ತು, ಗಾಜಿನೊಳಗೆ ನಮ್ಮ ತೋಟದ ಜೇನು ಹಾರುತ್ತಿತ್ತು. ನಾನು ಎಲ್ಲಿದ್ದೇನೆ ಎನ್ನುವುದೇ ಮರೆತುಹೋಯಿತು. ಅಮ್ಮಾವ್ರ ತುಟಿಯಂಚಿನಲ್ಲಿ ಮೆಲ್ಲಗೆ ಒಂದು ನಗು ಮೂಡಿದ್ದನ್ನು ಮಾತ್ರ ಕಂಡೆ.

“ಸಾಕು ರೈಟ್ರೇ” ಎಂದರು ಕೊನೆಗೆ, ತುಂಬ ಮೃದುವಾಗಿ. “ಹೋಗಿ ಬಿಸಿನೀರು ಕುಡೀರಿ.”

ಫೋನಿಟ್ಟು ಹೊರಗೆ ಬಂದವರು ನನ್ನ ಮುಖ ನೋಡಿ ತಲೆಗೊಂದು ಮೊಟಕಿದರು. “ನಮ್ ಬುದ್ಧಿ ನೋಡು. ಹವಾಮಾನ ಬದಲಾಗೈತೆ ಅಂತ ಲೋಕಕ್ಕೆಲ್ಲ ಹೇಳಕ್ಕೆ ಹೊರಟವರು ನಾವು. ಶಿವರಾತ್ರಿಗೆ ಮುಂಚೆ ಮಳೆ ಬರಲ್ಲ ಅಂತ ನಂಬ್ಕೊಂಡು ಹೊರಟ್ವಲ್ಲೇ!”

ವೇದಿಕೆಯ ಮೇಲೆ ನಿಂತಾಗ ಬಾಯಿಪಾಠದ ಒಂದು ಸಾಲೂ ನೆನಪಿಗೆ ಬರಲಿಲ್ಲ. ನೂರಾರು ಮುಖಗಳು, ಕಿವಿಗೆ ಸಿಕ್ಕಿಸಿಕೊಂಡ ಅನುವಾದದ ಯಂತ್ರಗಳು. ನನ್ನ ಕಿವಿಯಲ್ಲಿ ಇನ್ನೂ ಜೇನು. ಬಾಯಿಗೆ ಬಂದ ಇಂಗ್ಲಿಷಿನಲ್ಲಿ ಹೇಳಿದೆ: ನಮ್ಮೂರಿನಲ್ಲಿ ಇವತ್ತು ಹೂವಾಗಿದೆ. ಈ ದಿನ ನಮ್ಮಲ್ಲಿ ಯಾರೂ ಜೋರಾಗಿ ಮಾತಾಡುವುದಿಲ್ಲ. ಮದುವೆಯಾಗಿ ಬಂದಾಗಿನಿಂದ ಈ ದಿನವನ್ನು ತಪ್ಪಿಸಿಕೊಳ್ಳದ ಒಬ್ಬರು ನನಗೋಸ್ಕರ ಇಲ್ಲಿ ಕೂತಿದ್ದಾರೆ. ಹಬ್ಬ ಕಳೆಯದೆ ಬರುವುದಿಲ್ಲ ಎಂದು ನಂಬಿದ್ದ ಮಳೆ ಮೊದಲೇ ಬಂದುಬಿಟ್ಟಿತು. ಮಳೆ ಬಂದರೆ ಒಳ್ಳೆಯದೇ ಅಲ್ಲವಾ ಎಂದು ನೀವು ಕೇಳಬಹುದು. ನಂಬಿದವರು ಮನೆಯಲ್ಲಿಲ್ಲದ ಹೊತ್ತಿಗೆ ಬಂದರೆ ಏನು ಒಳ್ಳೆಯದು? ಇಷ್ಟು ಹೇಳಿ, ಇನ್ನೇನು ಹೇಳಬೇಕೋ ತೋಚದೆ ನಿಂತೆ. ಸಭೆಯಲ್ಲಿ ಯಾರೂ ಚಪ್ಪಾಳೆ ತಟ್ಟಲಿಲ್ಲ. ಎಲ್ಲರೂ ಸುಮ್ಮನೆ ಕೂತಿದ್ದರು. ಆ ದ್ವೀಪದ ಹುಡುಗಿ ತುಟಿಯ ಮೇಲೆ ಬೆರಳಿಟ್ಟುಕೊಂಡಿದ್ದಳು.

ಇಳಿದು ಬಂದರೆ ಅಮ್ಮಾವ್ರು ಕೆಂಡವಾಗಿದ್ದರು. “ಬರ್ಕೊಂಡಿದ್ದು ಯಾಕೆ ಬಿಟ್ಟೆ? ಅಷ್ಟು ದಿನ ಕಣದಲ್ಲಿ ಗಂಟ್ಲು ಹರ್ಕೊಂಡಿದ್ದು ಯಾರಿಗೋಸ್ಕರ? ಗ್ಲೋಬಲ್ ಅನ್ನದೇ ಇಲ್ವಲ್ಲೇ ನೀನು!” ಬೈಯುತ್ತಲೇ ನನ್ನ ಕೈಯನ್ನು ತಮ್ಮ ಕೋಟಿನ ಜೇಬಿನೊಳಗೆ ಎಳೆದುಕೊಂಡರು. ಕೋಣೆಗೆ ಮುಟ್ಟುವ ತನಕ ಬಿಡಲಿಲ್ಲ.

ನಾವು ವಾಪಸ್ ಬರುವ ಹೊತ್ತಿಗೆ ಹೂ ಉದುರಿ, ಗಿಡದ ಬುಡದಲ್ಲಿ ಕಂದು ಬಣ್ಣಕ್ಕೆ ತಿರುಗಿ ಬಿದ್ದಿತ್ತು. ಅಮ್ಮಾವ್ರು ಗೇಟಿನಲ್ಲೇ ಇಳಿದು, ಚಪ್ಪಲಿ ಬಿಟ್ಟು, ಒಬ್ಬರೇ ತೋಟದೊಳಗೆ ನಡೆದುಹೋದರು. ನಾನು ಮನೆಗೆ ಬಂದು ಜೇನಿನ ಸದ್ದು ಕೇಳಿದ ಕಥೆಯನ್ನು ಅಮ್ಮನಿಗೆ ಬಣ್ಣಿಸಿ ಬಣ್ಣಿಸಿ ಹೇಳಿದೆ. ಅಮ್ಮ ಸೆರಗು ಬಾಯಿಗಿಟ್ಟುಕೊಂಡು ನಕ್ಕಳು, ನಕ್ಕು ನಕ್ಕು ಕಣ್ಣೊರೆಸಿಕೊಂಡಳು.

“ಅಯ್ಯೋ ಪೆದ್ದಿ, ನೀವು ಫೋನ್ ಮಾಡಿದಾಗ ಇಲ್ಲಿ ಕತ್ತಲಾಗಿ ದೀಪ ಹಚ್ಚಿ ಎಷ್ಟೊತ್ತಾಗಿತ್ತು. ಕತ್ತಲಲ್ಲಿ ಯಾವ ಜೇನು ಬತ್ತೈತೆ? ನಿಮ್ಮಪ್ಪಂಗೆ ದಿಕ್ಕೇ ತೋಚ್ಲಿಲ್ಲ. ಕಿಟಕಿ ತೆಗೆದ್ರು, ಫೋನು ಬಾಯಿ ಹತ್ರ ಇಟ್ಕೊಂಡ್ರು, ತಾವೇ ಗುಂಯ್ ಅಂತ ಶುರು ಮಾಡ್‌ಬುಟ್ರು! ನಾನು ಬಾಗ್ಲಲ್ಲಿ ನಿಂತು ನೋಡ್ತಾ ಇದ್ದೆ. ಉಸ್ರು ಕಟ್ಟಿ ಕೆಮ್ಮು ಬಂತು, ಆದ್ರೂ ಬಿಡ್ಲಿಲ್ಲ.”

ನನ್ನ ನಾಲಿಗೆ ಕಟ್ಟಿ, ಅಂತಾರಾಷ್ಟ್ರೀಯ ಸಭೆಯೊಂದನ್ನು ಸುಮ್ಮನಾಗಿಸಿದ್ದು ನಮ್ಮಪ್ಪನ ಗಂಟಲು! ಅಪ್ಪ ಒಳಗಿನಿಂದ ಕೈ ಮುಗಿಯುತ್ತಾ ಬಂದರು. “ಅಮ್ಮಾವ್ರಿಗೆ ಮಾತ್ರ ಹೇಳ್ಬೇಡ ಕಣವ್ವ. ಪಾಪ, ಸಂತೋಷವಾಗಿ ಕೇಳವ್ರೆ. ಅದನ್ನೂ ಕಿತ್ಕೊಂಡಂಗಾಗ್ತದೆ.” ಹೇಳುವುದಿಲ್ಲ ಎಂದು ಮಾತು ಕೊಟ್ಟೆ. ಕೊನೆಯ ತನಕ ಹೇಳಲಿಲ್ಲ. ಪ್ರತಿ ವರ್ಷ ಹೂವಿನ ಕಾಲದಲ್ಲಿ ಅಮ್ಮಾವ್ರು ಬಿಸಿಲೆ ಕಡೆಯಿಂದ ಕಾಡುಜೇನು ತರಿಸಿ, ಒಂದು ಬಾಟಲಿಯನ್ನು ಅಪ್ಪನಿಗೆ ಕಳಿಸುವುದನ್ನು ಆ ವರ್ಷದಿಂದ ರೂಢಿ ಮಾಡಿಕೊಂಡರು. “ರೈಟ್ರ ಗಂಟಲಿಗೆ ಒಳ್ಳೇದು” ಎಂದು ಹೇಳಿ ಕಳಿಸುತ್ತಿದ್ದರು. ಕೆಮ್ಮಿದ್ದು ಕೇಳಿಸಿತ್ತಲ್ಲ, ಪಾಪ, ಅದಕ್ಕೇ ಎಂದುಕೊಂಡು ನಾವು ಆ ಜೇನನ್ನು ದೋಸೆಗೆ ಹಚ್ಚಿಕೊಂಡು ತಿಂದೆವು.

ಅಮ್ಮಾವ್ರು ಆಮೇಲೆ ಎಲ್ಲಿಗೂ ಹೋಗಲಿಲ್ಲ. ಮಳೆಯೂ ಆಮೇಲೆ ಹಬ್ಬ ಹುಣ್ಣಿಮೆ ನೋಡಿ ಬರಲಿಲ್ಲ. ಒಂದು ವರ್ಷ ಸಂಕ್ರಾಂತಿ ಕಳೆಯುತ್ತಲೇ ಬಂತು, ಇನ್ನೊಂದು ವರ್ಷ ಯುಗಾದಿಯಾದರೂ ಪತ್ತೆಯಿಲ್ಲ. ಕೆಲವು ಸಲ ಹನಿಹನಿ ಬಂದು, ಹೂವೂ ಅಲ್ಲಲ್ಲಿ ತೇಪೆ ಹಾಕಿದಂತೆ ಅರಳುತ್ತಿತ್ತು. ಹೂವಾದ ದಿನ ಯಾವುದು ಎಂದು ಹೇಳುವುದೇ ಕಷ್ಟವಾಯಿತು. ಅಮ್ಮಾವ್ರು ಮಾತ್ರ ಒಂದು ಗಿಡ ಬಿಳಿಯಾದರೂ ಜಗಲಿಗೆ ಕುರ್ಚಿ ಹಾಕಿಸಿ, ಬೆರಳು ತುಟಿಗಿಟ್ಟುಕೊ‌ಳ್ಳುತ್ತಿದ್ದರು. “ಅವ್ನು ದಾರಿ ತಪ್ಪವ್ನೆ, ನಾವೂ ತಪ್ಪಕಾಯ್ತದಾ?” ಎನ್ನುತ್ತಿದ್ದರು. ನಾನು ಆಲೂರಿನ ಹೈಸ್ಕೂಲಿನಲ್ಲಿ ಟೀಚರ್ ಆದೆ. ಅಪ್ಪ ತೀರಿಕೊಂಡರು. ಅವರ ಹನ್ನೊಂದನೆಯ ದಿನದ ಕಾರ್ಯಕ್ಕೆ ಅಮ್ಮಾವ್ರು ಒಂದು ಬಾಟಲಿ ಜೇನು ತಂದು, ಎಡೆಯ ಪಕ್ಕದಲ್ಲಿಟ್ಟು, ಕೈ ಮುಗಿದು ಹೋದರು.

ಈ ಸಲ ಹೂವಿನ ಹೊತ್ತಿಗೆ ಅವರು ಹಾಸನದ ಆಸ್ಪತ್ರೆಯಲ್ಲಿದ್ದರು. ಎದೆಯ ತೊಂದರೆ. ತಂಗಿ ಜೊತೆಗಿದ್ದರು. ಭಾನುವಾರ ನಾನು ಅಮ್ಮನನ್ನು ನೋಡಲು ತೋಟಕ್ಕೆ ಹೋಗಿದ್ದೆ. ಬೆಳಗ್ಗೆ ಬಿಸಿಲು ಚೆನ್ನಾಗಿ ಏರಿದ ಹೊತ್ತಿಗೆ ಮೊಬೈಲಿಗೆ ಅವರ ಕರೆ ಬಂತು. ದನಿ ದಾರದಷ್ಟು ಸಣ್ಣಗಾಗಿತ್ತು.

“ಹೂವಾಗೈತಂತೆ?”

“ಆಗೈತೆ ಅಮ್ಮಾವ್ರೆ.” ಮೇಲಿನ ತೋಟದಲ್ಲಿ ಒಂದಿಷ್ಟು, ಕೆಳಗೆ ಇನ್ನೊಂದಿಷ್ಟು. ನಡುವೆ ಎಲ್ಲ ಹಸಿರು. ಅದನ್ನು ನಾನು ಹೇಳಲಿಲ್ಲ.

“ನಮ್ ಜಗಲಿಗೆ ಹೋಗು. ಫೋನು ತೋಟದ ಕಡೆ ಹಿಡಿ.”

ಬಂಗಲೆಯ ಜಗಲಿಗೆ ಹೋದೆ. ಅವರ ಕುರ್ಚಿ ಗೋಡೆಗೆ ಒರಗಿತ್ತು. ಕೈ ಚಾಚಿ ಫೋನನ್ನು ತೋಟದ ಕಡೆ ಹಿಡಿದೆ. ಜೇನು ಹಾರಬೇಕಾದ ಹೊತ್ತೇ ಅದು. ಕಿವಿಗೊಟ್ಟು ಕೇಳಿದೆ. ಎಲ್ಲೋ ಒಂದು ಮರಕುಟುಕ. ದೂರದಲ್ಲಿ ಹೆದ್ದಾರಿಯ ಲಾರಿ. ಮತ್ತೇನಿಲ್ಲ. ಮೆಟ್ಟಿಲಿಳಿದು ಅಂಚಿನ ಗಿಡದ ಹತ್ತಿರ ಹೋಗಿ ಹಿಡಿದೆ. ಬಿಳಿ ಹೂವು ಸುಮ್ಮನೆ ಅರಳಿಕೊಂಡಿತ್ತು, ಅದರ ಹತ್ತಿರ ಯಾರೂ ಬಂದಿರಲಿಲ್ಲ. ಆಸ್ಪತ್ರೆಯ ಹಾಸಿಗೆಯಲ್ಲಿ ಅವರು ಫೋನಿಗೆ ಕಿವಿ ಒತ್ತಿಕೊಂಡು ಕಣ್ಣು ಮುಚ್ಚಿರುವುದು ನನಗೆ ಕಾಣುತ್ತಿತ್ತು.

ಏನು ಮಾಡಲಿ? ಫೋನನ್ನು ಬಾಯಿಯ ಹತ್ತಿರ ತಂದೆ. ತುಟಿ ಮುಚ್ಚಿಕೊಂಡು ಗುಂಯ್ ಎಂದೆ. ಮೊದಲು ಸಣ್ಣಗೆ, ಆಮೇಲೆ ತುಂಬಿಕೊಂಡು, ಏರಿಸುತ್ತಾ ಇಳಿಸುತ್ತಾ. ಅಳು ಬಂದು ನಡುವೆ ದನಿ ನಡುಗಿತು, ಆದರೂ ಬಿಡಲಿಲ್ಲ.

ಆ ಕಡೆಯಿಂದ ಅಮ್ಮಾವ್ರು ನಕ್ಕರು.

“ಸಾಕು ಬಿಡೇ, ಉಸ್ರು ಕಟ್ಟೀತು” ಎಂದರು. “ನಿಮ್ಮಪ್ಪನಷ್ಟು ಚೆನ್ನಾಗಿ ಬರಲ್ಲ ನಿಂಗೆ.”